ಐದು ಡಬ್ಬಿ ಪೆಲೆಟ್, ಒಂದು ಏರ್ ಪಿಸ್ತೂಲು

ನಮ್ಮ ಮೂಡಿಗೆರೆ ಕಡೆ ಕೋವಿ ವಿಷಯ ಎತ್ತಿದರೆ ಮಾತು ಮದ್ದಿಗೆ ಬಂದು ನಿಲ್ಲುತ್ತದೆ. ಅಜ್ಜನ ಕಾಲದ ಕೇಪಿನ ಕೋವಿಗೆ ಮದ್ದು ಎಷ್ಟು ಹಾಕಬೇಕು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ನಾನು ಹೊಡೆಯುವುದು ಏರ್ ಪಿಸ್ತೂಲು. ಇದರಲ್ಲಿ ಮದ್ದಿಲ್ಲ, ತೋಟಾ ಇಲ್ಲ, ತೋಟಾದ ಬಾಯಿ ಒತ್ತಿ ಬಿಗಿ ಮಾಡುವ ಕೆಲಸವೂ ಇಲ್ಲ. ಸಿಲಿಂಡರಿನ ಗಾಳಿ, ಒಂದು ಪೆಲೆಟ್ ಅಂದರೆ ಸೀಸದ ಚಿಕ್ಕ ಗುಂಡು, ಅಷ್ಟೇ. ಆದರೂ ತಲೆನೋವು ತಪ್ಪಲಿಲ್ಲ. ಯಾವ ತೂಕದ ಪೆಲೆಟ್? ತಲೆಯ, ಅಂದರೆ ಪೆಲೆಟ್‌ನ ಮುಂತುದಿಯ, ಅಳತೆ ಎಷ್ಟು?

ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ. ಕಾಫಿ ಗೋಡೌನ್ ಖಾಲಿ. ಅಲ್ಲಿ ಸರಿಯಾಗಿ 10 ಮೀಟರ್ ಸಿಗುತ್ತದೆ. ತುದಿಗೆ ಕಬ್ಬಿಣದ ತಗಡು, ಅದರ ಮುಂದೆ ಹಳೇ ಬಟ್ಟೆ ತುರುಕಿದ ಮರದ ಪೆಟ್ಟಿಗೆ. ಐದು ಡಬ್ಬಿ ಜೋಡಿಸಿಕೊಂಡೆ. ಒಂದು ಅಗ್ಗದ್ದು, ಅದರ ಮೇಲೆ ತಲೆಯ ಅಳತೆಯೇ ಬರೆದಿಲ್ಲ. ಉಳಿದ ನಾಲ್ಕೂ ಮ್ಯಾಚ್ ಪೆಲೆಟ್, ಅಂದರೆ ಪಂದ್ಯಕ್ಕೆ ಅಂತ ಮಾಡಿದವು: 0.45 ಗ್ರಾಂ, 0.49 ಗ್ರಾಂ, 0.53 ಗ್ರಾಂ, ಈ ಮೂರೂ 4.50 ಮಿ.ಮೀ. ತಲೆಯವು. ಕೊನೆಯದು ಮತ್ತೆ 0.49 ಗ್ರಾಮಿನದೇ, ಆದರೆ ತಲೆ 4.49. ಸಾಮಾನ್ಯವಾಗಿ ಹಗುರದ್ದನ್ನು ಪಿಸ್ತೂಲಿಗೆ, 0.53ರದ್ದನ್ನು ರೈಫಲಿಗೆ ಅಂತ ಮಾರುತ್ತಾರೆ. ಪೆಲೆಟ್ ಕಂಪನಿಗಳಲ್ಲಿ ಎಚ್ ಆಂಡ್ ಎನ್, ಆರ್‌ಡಬ್ಲ್ಯೂಎಸ್ ಜರ್ಮನಿಯವು, ಜೆಎಸ್‌ಬಿ ಜೆಕ್ ದೇಶದ್ದು. ನನ್ನ ಡಬ್ಬಿಗಳು ಯಾವ ಕಂಪನಿಯವು ಅಂತ ಹೇಳುವುದಿಲ್ಲ. ಪಿಸ್ತೂಲು ಬದಲಾದರೆ ಫಲಿತಾಂಶವೂ ತಲೆಕೆಳಗಾಗುತ್ತದೆ. ಸುಮ್ನೆ ಒಬ್ಬರ ಹೆಸರು ಕೆಡಿಸುವುದು ಯಾಕೆ?

ಐದೂ ಚಪ್ಪಟೆ ತಲೆಯವೇ. ಚಪ್ಪಟೆ ತಲೆ ಕಾಗದವನ್ನು ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸಲು ಜಗಳವಿಲ್ಲ. ಬಿಸಿಲುಕಾಲದ ಮಾತು ಇದು. ಜುಲೈ ತೇವಕ್ಕೆ ಗುರಿಹಾಳೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ ತೂತೆಲ್ಲ ಹರಿದುಹೋಗುತ್ತಿತ್ತು. ಕೊನೆಗೆ ಹಾಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿದೆ. ಒಂದು ವಾರ ನನ್ನ ಗುರಿಹಾಳೆಯೆಲ್ಲ ಹೊಗೆ ವಾಸನೆ.

ಮೊದಲು ಪಿಸ್ತೂಲನ್ನು ಬಡಗಿಯ ವೈಸ್‌ನಲ್ಲಿ ಬಟ್ಟೆ ಸುತ್ತಿ ಕಚ್ಚಿಸಿದೆ. ಪ್ರತಿ ಡಬ್ಬಿಯಿಂದ ಹತ್ತು ಹೊಡೆತ. ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ 4.5 ಮಿ.ಮೀ. ಕಳೆದರೆ ಹತ್ತು ತೂತುಗಳ ಗುಂಪಿನ ಅಗಲ ಸಿಗುತ್ತದೆ; ಅದು ಚಿಕ್ಕದಾದಷ್ಟೂ ಒಳ್ಳೆಯದು. ಅಳೆದದ್ದು ಭಾವ.

0.49 ಗ್ರಾಂ, 4.50 ತಲೆ: 6 ಮಿ.ಮೀ. ಹಗುರದ 0.45: ಆರೂವರೆ. ರೈಫಲಿನ 0.53: 7, ಆದರೆ ಇಡೀ ಗುಂಪು ಸ್ವಲ್ಪ ಕೆಳಗೆ ಕೂತಿತ್ತು. ಭಾರ ಜಾಸ್ತಿ ಆದರೆ ವೇಗ ಕಡಿಮೆ, ಹಾಗಾಗಿ ಗುರಿ ಮುಟ್ಟುವಷ್ಟರಲ್ಲಿ ಒಂದಿಷ್ಟು ಹೆಚ್ಚು ಇಳಿಯುತ್ತದೆ. ಗುರಿ ನೋಡುವ ಸೈಟಿನ ತಿರುಪು ತಿರುಗಿಸಿದರೆ ಸರಿಹೋಗುತ್ತದೆ. ಇಲ್ಲಿಯವರೆಗೆ ಎಲ್ಲ ಒಂದೇ ಅಂತ ಅನಿಸಿತು. ಆಮೇಲೆ 4.49 ತಲೆಯ 0.49 ಹಾಕಿದೆ. ಒಂಬತ್ತೂವರೆ! ತೂಕ ಅದೇ, ತಲೆಯಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗ ಕಡಿಮೆ, ಅಷ್ಟಕ್ಕೇ ಇಷ್ಟು ವ್ಯತ್ಯಾಸ. ನನ್ನ ನಳಿಕೆಗೆ ಆ ತಲೆ ಸಡಿಲ ಅಂತ ಕಾಣುತ್ತದೆ. ಹಾಕುವಾಗ ಬೆರಳಿಗೇ ಗೊತ್ತಾಗುತ್ತಿತ್ತು, ಬಿಗಿ ಇರಲಿಲ್ಲ. ಇನ್ನೊಬ್ಬರ ಪಿಸ್ತೂಲಿನಲ್ಲಿ ಅದೇ ಡಬ್ಬಿ ಗೆಲ್ಲಬಹುದು.

ಅಗ್ಗದ್ದು 14. ಅದರಲ್ಲಿ ಹಿಂದಿನ ಲಂಗ ಸೊಟ್ಟಗಾದ ಪೆಲೆಟ್‌ಗಳೂ ಇದ್ದವು. ಗಾಳಿ ಸೋರದಂತೆ ನಳಿಕೆಯನ್ನು ತುಂಬುವುದು ಆ ತೆಳ್ಳಗಿನ ಅಂಚೇ. ಪರೀಕ್ಷೆಗೆ ಅಂತ ಒಳ್ಳೆಯ ಪೆಲೆಟ್‌ನ ಲಂಗವನ್ನೇ ಉಗುರಿನಿಂದ ಚಿವುಟಿ ಹಾಕಿದೆ. ವೈಸ್‌ನಲ್ಲಿದ್ದ ಪಿಸ್ತೂಲೇ ಗುರಿಹಾಳೆಯ ಎಂಟು ಅಂಕದ ವೃತ್ತಕ್ಕೆ ಹೊಡೆಯಿತು. ಈಗ ಯಾವ ಡಬ್ಬಿಯಾದರೂ ಒಂದು ತಟ್ಟೆಗೆ ಸುರಿದು, ಸೊಟ್ಟಗಿನದನ್ನು ಆರಿಸಿ ಎಸೆಯುತ್ತೇನೆ. ಅಕ್ಕಿ ಆರಿಸುವ ಕೆಲಸವೇ.

ಅಕ್ಕಿ ಅಂದಾಗ ನೆನಪಾಯಿತು. ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ಬೇಡ ಅಂತ ಡಬ್ಬಿಯನ್ನು ಅಕ್ಕಿ ಡ್ರಮ್ಮಿನಲ್ಲಿ ಹೂಳಲು ಹೋಗಿ ಅಮ್ಮನ ಕೈಗೆ ಸಿಕ್ಕಿಬಿದ್ದೆ. "ಸೀಸ ಕಣೋ ಅದು, ಉಣ್ಣೋ ಅನ್ನಕ್ಕೆ ಹಾಕ್ತೀಯಾ?" ನ್ಯಾಯವಾದ ಬೈಗುಳ. ಹೊಡೆದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನೂ ಆಗಲೇ ರೂಢಿ ಮಾಡಿಕೊಂಡೆ.

ತೂಕ ಆರಿಸುವ ಹುಚ್ಚೂ ಹತ್ತಿತ್ತು. ಪರಿಚಯದ ಅಕ್ಕಸಾಲಿಯಿಂದ ತಕ್ಕಡಿ ತಂದು, ನೂರು ಪೆಲೆಟ್ ಒಂದೊಂದೇ ತೂಗಿದೆ. ಒಂದು ಪೆಲೆಟ್ ಹೆಚ್ಚುಕಡಿಮೆ ನಾಲ್ಕು ಗುಲಗಂಜಿ ತೂಗುತ್ತದೆ. ಒಳ್ಳೆಯ ಡಬ್ಬಿಯಲ್ಲಿ ತೂಕದ ವ್ಯತ್ಯಾಸ ಸಿಗಲೇ ಇಲ್ಲ ಅನ್ನಬೇಕು. ಎರಡು ಸಂಜೆ ಹಾಳು.

ಇನ್ನು ಕೈಯಿಂದ ಹೊಡೆದ ಲೆಕ್ಕ. ಪಂದ್ಯದಲ್ಲಿ ಪಿಸ್ತೂಲು ಒಂದೇ ಕೈಯಲ್ಲಿ, 60 ಹೊಡೆತ, ಪೂರ್ತಿ ಅಂಕ 600. ಮೊದಲ ದಿನ 0.49ರ ಒಳ್ಳೆ ಡಬ್ಬಿಯಲ್ಲಿ 541, ಅಗ್ಗದ್ದರಲ್ಲಿ 538. ಮರುದಿನ ಒಳ್ಳೆಯದರಲ್ಲಿ 540, ಅಗ್ಗದ್ದರಲ್ಲಿ 544.

"ಭಾವ, ಇನ್ನೊಂದ್ಸಲ ಎಣಿಸಿ ನೋಡಿ" ಅಂದೆ.

"ಎಣಿಸಿದ್ದು ಸರಿಯಾಗೇ ಇದೆ ಮಾರಾಯ. ಹತ್ತು ಅಂಕದ ವೃತ್ತ ಎಷ್ಟಗಲ?"

11.5 ಮಿ.ಮೀ. ಪೆಲೆಟ್ ಗೆರೆಗೆ ತಾಗಿದರೂ ಹತ್ತೇ ಅಂಕ. ಅಂದರೆ ತೂತುಗಳ ನಡುಬಿಂದುಗಳು 16 ಮಿ.ಮೀ. ಅಗಲದೊಳಗೆ ಇದ್ದರೆ ಸಾಕು. ಅಗ್ಗದ ಡಬ್ಬಿಯ 14 ಅದರೊಳಗೇ ಬಂತಲ್ವಾ! ನನ್ನ ಕೈಯ ಗುಂಪೋ, ಗುರಿಹಾಳೆಯ 59.5 ಮಿ.ಮೀ.ನ ಇಡೀ ಕಪ್ಪು ವೃತ್ತದಷ್ಟು ಅಗಲ. ಅಷ್ಟು ನಡುಗುವ ಕೈಯ ಪಕ್ಕದಲ್ಲಿ ಪೆಲೆಟ್‌ನ ತಪ್ಪು ಎದ್ದು ಕಾಣುವುದೇ ಇಲ್ಲ. 570 ದಾಟಿದವರಿಗೆ, ಫೈನಲ್‌ನಲ್ಲಿ 10.9ರವರೆಗೆ ದಶಾಂಶದಲ್ಲಿ ಅಂಕ ಎಣಿಸಿಕೊಳ್ಳುವವರಿಗೆ ಆ ಕೆಲವು ಮಿಲಿಮೀಟರ್ ಬೇಕೇ ಬೇಕು. ಅವರು 4.49, 4.50 ಎರಡನ್ನೂ ತಮ್ಮ ಪಿಸ್ತೂಲಿನಲ್ಲೇ ಹೊಡೆದು ನೋಡಲಿ. ನನ್ನಂಥವರು ತೂಕದ ಚಿಂತೆ ಬಿಟ್ಟು, ಸೊಟ್ಟ ಲಂಗದವನ್ನು ಆರಿಸಿ ತೆಗೆದರೆ ಸಾಕು.

ತಕ್ಕಡಿ ಅಕ್ಕಸಾಲಿಗೆ ವಾಪಸ್ ಹೋಯಿತು. 4.50ರ ಡಬ್ಬಿಯಲ್ಲಿ ಅರ್ಧ ಉಳಿದಿದೆ, ಪಂದ್ಯದ ದಿನಕ್ಕೆ ಎತ್ತಿಟ್ಟಿದ್ದೇನೆ. ದಿನದ ಅಭ್ಯಾಸಕ್ಕೆ ಅಗ್ಗದ್ದೇ ಇನ್ನೆರಡು ಡಬ್ಬಿ ತರಿಸಿದೆ.