ಮೂರ್ನಾಡಿನ ಏರಿನಲ್ಲಿ ಮೂರು ಸೈಕಲ್‌ಗಳು

ಕೊಡಗಿನವರು ಸೈಕಲ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಎಳೆದು ನಿಲ್ಲಿಸುವುದು, ಮುಂದೆ ದಪ್ಪ ಶಾಕ್‌ಗಳಿರುವ ಅಗಲ ಟಯರಿನ ಮೌಂಟನ್ ಬೈಕನ್ನು. ಗುಡ್ಡದ ಊರಿಗೆ ಗುಡ್ಡದ ಸೈಕಲ್ ಎಂಬ ಲೆಕ್ಕ ಕೇಳುವುದಕ್ಕೆ ಸರಿಯಾಗಿಯೇ ಇರುವುದರಿಂದ ಮೂರು ವರ್ಷಗಳ ಹಿಂದೆ ನಾನೂ ಅದನ್ನೇ ಕೊಂಡೆ. ಒಂದು ವರ್ಷ ಕಳೆದ ಮೇಲೆ ಮನಸ್ಸು ಬದಲಾಗಿ, ಮೌಂಟನ್ ಬೈಕಿಗೂ ತೆಳು ಟಯರಿನ ರೋಡ್ ಬೈಕಿಗೂ ನಡುವಿನ ಬಗೆಯಾದ ಹೈಬ್ರಿಡ್ ಒಂದನ್ನು ತಂದೆ. ಕಳೆದ ವರ್ಷ ಮೈಸೂರಿನ ಭಾವ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ತಮ್ಮ ರೋಡ್ ಬೈಕನ್ನು ಫೆಬ್ರವರಿಯಿಂದ ಜುಲೈವರೆಗೆ ನಮ್ಮಲ್ಲಿ ಬಿಟ್ಟಿದ್ದರು. ಹೀಗೆ ಒಂದೇ ಜಗಲಿಯಲ್ಲಿ ಮೂರು ಬಗೆಯ ಸೈಕಲ್‌ಗಳು ಸೇರಿ, ಒಂದೇ ದಾರಿಯಲ್ಲಿ ಮೂರನ್ನೂ ತುಳಿದು ನೋಡುವ ಅವಕಾಶ ಒದಗಿತು.

ನಮ್ಮ ಮನೆ ಮೂರ್ನಾಡಿನ ಹತ್ತಿರ. ಅಲ್ಲಿಂದ ಮೇಕೇರಿ ಮಾರ್ಗವಾಗಿ ಮಡಿಕೇರಿಗೆ ಹದಿನೈದು ಕಿಲೋಮೀಟರಿನಷ್ಟು ದಾರಿ. ಹೋಗುವಾಗ ಏರು ಹೆಚ್ಚು, ಬರುವಾಗ ಇಳಿಜಾರು ಹೆಚ್ಚು. ನನಗೆ ನಲವತ್ತೇಳು ವರ್ಷ, ಹಗಲೆಲ್ಲ ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ, ಪಂದ್ಯಗಳಲ್ಲಿ ಆಸಕ್ತಿಯಿಲ್ಲ. ವಾರಕ್ಕೆ ಮೂರು ಬೆಳಗ್ಗೆ ಸುತ್ತಾಡಿ ಬರುವ, ಸಿಕ್ಕ ಹೋಟೆಲಿನಲ್ಲಿ ಕಾಫಿ ಕುಡಿಯುವ ಮನುಷ್ಯನ ಅನುಭವ ಎಂದೇ ಇದನ್ನು ಓದಬೇಕು.

ಮೊದಲು ತೂಕದ ವಿಚಾರ. ಒಳ್ಳೆಮೆಣಸು ತೂಗುವ ನಮ್ಮ ನೇತಾಡುವ ತಕ್ಕಡಿಗೆ ಮೂರನ್ನೂ ಸಿಕ್ಕಿಸಿ ನೋಡಿದಾಗ ಮೌಂಟನ್ ಬೈಕ್ 15.8 ಕಿಲೋ, ಹೈಬ್ರಿಡ್ 13.4 ಕಿಲೋ, ರೋಡ್ ಬೈಕ್ 10.6 ಕಿಲೋ ತೂಗಿದವು. ಫೆಬ್ರವರಿಯ ಒಣ ಹವೆಯಲ್ಲಿ ಒಂದೊಂದರಲ್ಲೂ ಮೂರು ಮೂರು ಸಲ ಮಡಿಕೇರಿಗೆ ಹೋಗಿ ನೋಡಿದೆ. ಸರಾಸರಿಯಲ್ಲಿ ಮೌಂಟನ್ ಬೈಕಿಗೆ 71 ನಿಮಿಷ, ಹೈಬ್ರಿಡ್‌ಗೆ 62, ರೋಡ್ ಬೈಕಿಗೆ 56 ನಿಮಿಷ ಹಿಡಿಯಿತು. ಇಷ್ಟನ್ನೇ ನೋಡಿದರೆ ರೋಡ್ ಬೈಕ್ ಗೆದ್ದಿತೆಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಆ 56 ನಿಮಿಷಗಳ ಕೊನೆಯಲ್ಲಿ ನನ್ನ ಮೊಣಕಾಲುಗಳು ಹೇಳುತ್ತಿದ್ದ ಕಥೆ ಬೇರೆಯಾಗಿತ್ತು.

ಅದಕ್ಕೆ ಕಾರಣ ಗೇರು. ಸೈಕಲ್ ಕೊಳ್ಳುವಾಗ ನಾವು ಕೇಳುವುದು ಎಷ್ಟು ಗೇರು ಎಂದು. ಕೇಳಬೇಕಾದದ್ದು ಅತ್ಯಂತ ಹಗುರವಾದ ಗೇರು ಎಷ್ಟು ಹಗುರ ಎಂದು. ಕುಶಾಲನಗರದಲ್ಲಿ ನನ್ನ ಸೈಕಲ್ ನೋಡಿಕೊಳ್ಳುವ ಮೆಕ್ಯಾನಿಕ್ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: “ಇಪ್ಪತ್ತೊಂದು ಗೇರ್ ಅಂತ ಬರೆದಿರೋದನ್ನ ಬಿಡಿ ಸಾರ್, ಮುಂದಿನ ಸಣ್ಣ ಚಕ್ರದ ಹಲ್ಲು ಎಣಿಸಿ, ಹಿಂದಿನ ದೊಡ್ಡದರ ಹಲ್ಲು ಎಣಿಸಿ, ಸಾಕು.” ಎಣಿಸಿದೆ. ಮೌಂಟನ್ ಬೈಕಿನಲ್ಲಿ ಮುಂದೆ 24 ಹಲ್ಲು, ಹಿಂದೆ 34. ಪೆಡಲನ್ನು ಒಂದು ಪೂರ್ತಿ ಸುತ್ತು ತುಳಿದರೆ ಸೈಕಲ್ ಸುಮಾರು ಒಂದೂವರೆ ಮೀಟರ್ ಮುಂದೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮುಂದೆ 24, ಹಿಂದೆ 28. ಒಂದು ಸುತ್ತಿಗೆ 1.86 ಮೀಟರ್. ರೋಡ್ ಬೈಕಿನಲ್ಲಿ ಮುಂದೆ 34, ಹಿಂದೆ 28. ಒಂದು ಸುತ್ತಿಗೆ ಎರಡೂವರೆ ಮೀಟರಿಗೂ ಸ್ವಲ್ಪ ಹೆಚ್ಚು. ನಿಮಿಷಕ್ಕೆ ಅರವತ್ತು ಸುತ್ತು ತುಳಿಯುವುದಾದರೆ ಮೌಂಟನ್ ಬೈಕಿನಲ್ಲಿ ಗಂಟೆಗೆ ಐದೂವರೆ ಕಿಲೋಮೀಟರ್ ವೇಗದಲ್ಲಿ ನಿಧಾನವಾಗಿ ಏರಬಹುದು; ರೋಡ್ ಬೈಕಿನಲ್ಲಿ ಅದೇ ಲಯ ಕಾಯ್ದುಕೊಳ್ಳಲು ಒಂಬತ್ತು ಕಿಲೋಮೀಟರಿಗಿಂತ ಕಡಿಮೆ ಹೋಗುವಂತಿಲ್ಲ. ಅಷ್ಟು ವೇಗಕ್ಕೆ ಕಾಲಿನಲ್ಲಿ ಕಸುವಿಲ್ಲದವನು ಎದ್ದು ನಿಂತು ತುಳಿಯಬೇಕು, ಇಲ್ಲವೇ ಇಳಿದು ತಳ್ಳಬೇಕು.

ಇದು ಚೆನ್ನಾಗಿ ಅರ್ಥವಾದದ್ದು ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ. ಎಂಟು ಕಿಲೋಮೀಟರಿನಲ್ಲಿ ಸುಮಾರು 400 ಮೀಟರ್ ಏರು. ನೂರಕ್ಕೆ ಐದರ ಸರಾಸರಿ ಎಂದರೆ ದೊಡ್ಡದೇನಲ್ಲ ಎನಿಸಬಹುದು, ಆದರೆ ನಡುವೆ ಉಸಿರಾಡಲು ಸಿಗುವ ಸಮತಟ್ಟು ಜಾಗ ಕಡಿಮೆ, ಕೆಲವು ತಿರುವುಗಳ ಒಳಮಗ್ಗುಲು ಸರಾಸರಿಗಿಂತ ಬಹಳ ಕಡಿದು. ರೋಡ್ ಬೈಕಿನಲ್ಲಿ ಎರಡು ಸಲ ಇಳಿದೆ, ಎರಡನೆಯ ಸಲ ಇಳಿದಾಗ ಪಕ್ಕದಲ್ಲಿ ಜೀಪು ನಿಲ್ಲಿಸಿದ ಹಿರಿಯರೊಬ್ಬರು, “ಹತ್ತಿಸಿಕೊಳ್ಳಲಾ?” ಎಂದು ಕೇಳಿದ್ದು ಅನುಕಂಪದಿಂದಲೋ ತಮಾಷೆಗೋ ತಿಳಿಯಲಿಲ್ಲ. ಮೌಂಟನ್ ಬೈಕಿನಲ್ಲಿ ಇಳಿಯದೆ ಹತ್ತಿದೆ, ಆದರೆ ಒಂದೂವರೆ ಗಂಟೆ ಹಿಡಿಯಿತು. ಹೈಬ್ರಿಡ್‌ನಲ್ಲಿ ಒಂದು ಸಲ ಇಳಿದೆ. ಆ ಒಂದು ಸಲವೂ ಬೇಡವೆಂದು ಹಿಂದಿನ ಏಳು ಹಲ್ಲುಚಕ್ರಗಳ ಫ್ರೀವೀಲನ್ನು ಬಿಚ್ಚಿಸಿ, ದೊಡ್ಡ ಚಕ್ರಕ್ಕೆ 34 ಹಲ್ಲಿರುವ ಇನ್ನೊಂದನ್ನು ಹಾಕಿಸಿದೆ. ಅದಕ್ಕೆ ತಕ್ಕಂತೆ ಸ್ವಲ್ಪ ಉದ್ದದ ಚೈನು ಬೇಕಾಯಿತು. ಎರಡೂ ಸೇರಿ ಒಂದೂವರೆ ಸಾವಿರ ರೂಪಾಯಿಯೊಳಗೆ ಮುಗಿಯಿತು. ಈಗ ಹೈಬ್ರಿಡ್‌ನ ಹಗುರ ಗೇರು ಮೌಂಟನ್ ಬೈಕಿನದಕ್ಕೆ ಸಮ, ತೂಕದಲ್ಲಿ ಮಾತ್ರ ಅದಕ್ಕಿಂತ ಎರಡು ಕಿಲೋಗೂ ಮಿಕ್ಕಿ ಹಗುರ. ನಾನು ಸೈಕಲಿಗೆ ಮಾಡಿದ ಖರ್ಚುಗಳಲ್ಲೆಲ್ಲ ಇದಕ್ಕೆ ಸಮನಾದ ಬೆಲೆ ಬಂದದ್ದು ಬೇರೊಂದಿಲ್ಲ.

ಏರಿದವನು ಇಳಿಯಲೇಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಾಗ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವಾಗ, ಬ್ರೇಕಿನ ಪ್ರಶ್ನೆ ಗೇರಿನ ಪ್ರಶ್ನೆಗಿಂತ ಗಂಭೀರವಾದದ್ದು. ಭಾವನ ರೋಡ್ ಬೈಕಿನಲ್ಲಿದ್ದದ್ದು ರಬ್ಬರ್ ತುಂಡುಗಳು ರಿಮ್ಮನ್ನು ಹಿಡಿಯುವ ಹಳೆಯ ಬಗೆಯ ಬ್ರೇಕು. ಬೇಸಿಗೆಯಲ್ಲಿ ಅದರ ಬಗ್ಗೆ ದೂರು ಹೇಳುವಂತಿರಲಿಲ್ಲ. ಜೂನ್ ಕೊನೆಯ ಒಂದು ಬೆಳಗ್ಗೆ ಮೇಕೇರಿ ದಾಟಿ ಇಳಿಯುತ್ತಿದ್ದೆ. ಜಡಿಮಳೆಯೂ ಅಲ್ಲ, ಬರೀ ಜಿಟಿಜಿಟಿ. ತಿರುವಿನಲ್ಲಿ ಬಸ್ಸು ಕಂಡು ಎರಡೂ ಬ್ರೇಕುಗಳನ್ನು ಒತ್ತಿದೆ. ಏನೂ ಆಗಲಿಲ್ಲ. ರಿಮ್ಮಿನ ಮೇಲಿನ ನೀರನ್ನು ರಬ್ಬರು ಒರೆಸಿ ಮುಗಿಸುವವರೆಗೆ, ಅಂದರೆ ಚಕ್ರ ಒಂದೆರಡು ಸುತ್ತು ಸುತ್ತುವವರೆಗೆ, ಸೈಕಲ್ ತನ್ನ ಪಾಡಿಗೆ ತಾನು ಜಾರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಹಿಡಿಯಿತು. ಬಸ್ಸಿನ ಚಾಲಕ ಸಾವಧಾನಿಯಾಗಿದ್ದುದರಿಂದ ಬದುಕಿದೆ. ಮನೆಗೆ ಬಂದು ನೋಡಿದರೆ ರಿಮ್ಮಿನಿಂದ ಸೀಸದಂಥ ಬೂದುಕಪ್ಪು ರಸ ಇಳಿಯುತ್ತಿತ್ತು, ಬೆರಳಿನಿಂದ ಮುಟ್ಟಿದರೆ ನುಣ್ಣನೆ ಮರಳು. ಮಳೆಯ ಮಣ್ಣು ರಬ್ಬರಿನಲ್ಲಿ ಸಿಕ್ಕಿಕೊಂಡು ಅಲ್ಯೂಮಿನಿಯಂ ರಿಮ್ಮನ್ನೇ ಅರೆದಿತ್ತು. ಅಂದಿನಿಂದ ಭಾವ ಕೊಂಡೊಯ್ಯುವವರೆಗೂ ಆ ಸೈಕಲ್ ಜಗಲಿ ಇಳಿಯಲಿಲ್ಲ.

ಉಳಿದೆರಡರಲ್ಲೂ ಕೇಬಲಿನಿಂದ ಎಳೆಯುವ ಡಿಸ್ಕ್ ಬ್ರೇಕುಗಳಿವೆ. ಡಿಸ್ಕು ಚಕ್ರದ ನಡುವೆ, ರಸ್ತೆಯ ನೀರಿನಿಂದ ದೂರದಲ್ಲಿ ಇರುವುದರಿಂದ ಮಳೆಯಲ್ಲೂ ಬೇಗ ಹಿಡಿಯುತ್ತದೆ. ಹಾಗೆಂದು ಅದಕ್ಕೆ ಆರೈಕೆ ಬೇಡವೆಂದಲ್ಲ. ಒಂದು ಮಳೆಗಾಲಕ್ಕೆ ಮುಂದಿನ ಪ್ಯಾಡುಗಳ ಒಂದು ಜೊತೆ ಸವೆದು ಮುಗಿಯುತ್ತದೆ. ಸವೆದಂತೆಲ್ಲ ಲಿವರ್ ಹ್ಯಾಂಡಲಿನ ಹತ್ತಿರ ಬರುತ್ತ ಹೋಗುವುದರಿಂದ ತಿರುಪನ್ನು ತಿರುಗಿಸಿ ಬಿಗಿಮಾಡುತ್ತಿರಬೇಕು. ಮೊದಲ ವರ್ಷ ನಾನೇ ಒಂದು ಮಹಾಪರಾಧ ಮಾಡಿದೆ: ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯುವಾಗ ಹಿಂದಿನ ಡಿಸ್ಕಿನ ಮೇಲೂ ಹನಿಗಳು ಬಿದ್ದವು. ಮರುದಿನ ಬ್ರೇಕು ಹಿಡಿಯುವ ಬದಲು ಕಿರುಚತೊಡಗಿತು. ಡಿಸ್ಕನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಶುದ್ಧವಾಯಿತು, ಎಣ್ಣೆ ಹೀರಿದ ಪ್ಯಾಡುಗಳನ್ನು ಎಸೆಯದೆ ಗತಿಯಿರಲಿಲ್ಲ. ಈಗ ಬಾಟಲಿಯಿಂದ ಚೈನಿನ ಕೊಂಡಿಗೊಂದು ಹನಿಯಂತೆ ಬಿಡುತ್ತೇನೆ.

ಇನ್ನು ಮೌಂಟನ್ ಬೈಕಿನ ಹೆಮ್ಮೆಯಾದ ಆ ಶಾಕ್‌ಗಳು. ಈ ಬೆಲೆಯ ಸೈಕಲ್‌ಗಳಲ್ಲಿ ಇರುವುದು ಸ್ಪ್ರಿಂಗಿನವು. ಏರಿನಲ್ಲಿ ಎದ್ದು ನಿಂತು ತುಳಿದರೆ ನಮ್ಮ ಬಲದಲ್ಲಿ ಒಂದಷ್ಟು ಪಾಲು ಚಕ್ರಕ್ಕೆ ಹೋಗದೆ ಸ್ಪ್ರಿಂಗನ್ನು ಅಮುಕುವುದರಲ್ಲೇ ಕಳೆಯುತ್ತದೆ; ಮುಂಭಾಗ ಕೋಲೆಬಸವನಂತೆ ತಲೆಯಾಡಿಸುತ್ತದೆ. ಎರಡನೆಯ ಮಳೆಗಾಲಕ್ಕೆ ಕೊಳವೆಗಳ ಮೇಲೆ ತುಕ್ಕಿನ ಚುಕ್ಕೆಗಳೆದ್ದು ಅವು ಅರ್ಧದಲ್ಲೇ ಸಿಕ್ಕಿಕೊಳ್ಳತೊಡಗಿದವು. ತೋಟದ ಒಳದಾರಿಯಲ್ಲಿ, ಬೇರು ಕಲ್ಲುಗಳ ಮೇಲೆ ಅವುಗಳಿಂದ ಉಪಕಾರವಿದೆ. ಟಾರು ರಸ್ತೆಯ ಗುಂಡಿಗಳಿಗೆ ಮಾತ್ರ ಅಷ್ಟು ದೊಡ್ಡ ಏರ್ಪಾಡು ಬೇಡ. ಟಯರು ಒಂದಿಷ್ಟು ಅಗಲವಾಗಿದ್ದು ಗಾಳಿ ಹದವಾಗಿದ್ದರೆ ಸಾಕು.

ಆ ಹದ ಯಾವುದು ಎಂಬುದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ರೋಡ್ ಬೈಕಿನ 25 ಮಿಲಿಮೀಟರ್ ಟಯರಿಗೆ 90 ಪಿ.ಎಸ್.ಐ. ಒತ್ತಡದ ಗಾಳಿ ತುಂಬಬೇಕಾಗಿತ್ತು, ನಮ್ಮ ರಸ್ತೆಯ ತೇಪೆಗಳೆಲ್ಲ ಮಣಿಕಟ್ಟಿಗೆ ಲೆಕ್ಕ ಒಪ್ಪಿಸುತ್ತಿದ್ದವು. ಅದರ ಟ್ಯೂಬಿಗೆ ತೆಳುವಾದ ಬೇರೆ ಬಗೆಯ ವಾಲ್ವ್ ಇದ್ದು, ಮೂರ್ನಾಡಿನ ಪಂಕ್ಚರ್ ಅಂಗಡಿಯ ಗಾಳಿಕೊಳವೆ ಅದಕ್ಕೆ ಕೂರಲೇ ಇಲ್ಲ. ಉಳಿದೆರಡರ ವಾಲ್ವ್ ಕಾರಿನದೇ ಬಗೆಯದು, ಎಲ್ಲಿ ಬೇಕಾದರೂ ಗಾಳಿ ಸಿಗುತ್ತದೆ. ಹೈಬ್ರಿಡ್‌ಗೆ ಈಗ 38 ಮಿಲಿಮೀಟರ್ ಟಯರು ಹಾಕಿ, ಬೇಸಿಗೆಯಲ್ಲಿ 60, ಮಳೆಯಲ್ಲಿ 50 ಪಿ.ಎಸ್.ಐ. ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಮರದ ನೆರಳಿನ ರಸ್ತೆಯಂಚಿನಲ್ಲಿ ಹಸಿರು ಪಾಚಿ ಕಟ್ಟುತ್ತದೆ, ಅದರ ಮೇಲೆ ಸಿಲ್ವರ್ ಓಕ್ ಎಲೆಗಳು ಹಾಸಿಕೊಳ್ಳುತ್ತವೆ. ಅಲ್ಲಿ ಯಾವ ಟಯರೂ ನಂಬಿಕಸ್ತನಲ್ಲ. ಹಿಂದಿನಿಂದ ವಾಹನ ಹಾರ್ನ್ ಹೊಡೆದರೂ ಅಂಚಿಗೆ ಸರಿಯದೆ, ಚಕ್ರಗಳು ಓಡಾಡಿ ಸವೆದ ಪಟ್ಟಿಯಲ್ಲೇ ಹೋಗುವುದು ಲೇಸು.

ಅಳತೆಯ ವಿಚಾರದಲ್ಲಿ ಮೊದಲ ಸಲ ಮೋಸಹೋದೆ. ಐದಡಿ ಆರಂಗುಲದ ನನಗೆ ಅಂಗಡಿಯವರು, ಇದ್ದದ್ದು ಅದೊಂದೇ ಎಂಬ ಕಾರಣಕ್ಕೆ, ದೊಡ್ಡ ಫ್ರೇಮಿನ ಸೈಕಲನ್ನು ಸೀಟು ಇಳಿಸಿ ಕೊಟ್ಟರು. ಸೀಟು ಇಳಿಸಿದರೆ ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಆರು ತಿಂಗಳು ಕತ್ತು ನೋವು ತಿಂದ ಮೇಲೆ ಇದು ತಿಳಿಯಿತು. ಸೀಟಿನ ಎತ್ತರಕ್ಕೆ ಸುಲಭದ ಪರೀಕ್ಷೆಯಿದೆ: ಪೆಡಲ್ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪವೇ ಮಡಚಿರುತ್ತದೆ.

ಮಡ್‌ಗಾರ್ಡ್ ಬಗ್ಗೆ ಒಂದೇ ಮಾತು. ಮೂರರಲ್ಲಿ ಯಾವುದಕ್ಕೂ ಅದನ್ನು ಕೊಟ್ಟಿರಲಿಲ್ಲ, ಹೈಬ್ರಿಡ್‌ಗೆ ಮಾತ್ರ ಪೂರ್ಣ ಉದ್ದದ್ದನ್ನು ಕೂರಿಸಲು ತೂತುಗಳಿದ್ದವು. ಬೆನ್ನಿನುದ್ದಕ್ಕೂ ಕೆಂಪು ಮಣ್ಣಿನ ನಾಮ ಹಾಕಿಕೊಂಡು ಒಳಬಂದ ನನ್ನನ್ನು ನೋಡಿ ಮನೆಯವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಯಾವ ಸೈಕಲ್ ಕೊಂಡರೂ ತಪ್ಪದ ಕಷ್ಟಗಳಿವೆ. ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳು ತಿರುವಿನಲ್ಲೇ ಹಿಂದೆ ಹಾಕುತ್ತವೆ. ಆ ಎರಡು ದಿನ ನಾನು ಹೆದ್ದಾರಿಯ ಕಡೆ ತಲೆ ಹಾಕುವುದಿಲ್ಲ. ಮಂಜು ಕವಿದ ಬೆಳಗ್ಗೆ ಹಗಲಿನಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಬೇಕು. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟಗಳ ನಡುವಿನ ರಸ್ತೆಗಳಲ್ಲಿ ಆನೆಗಳ ಓಡಾಟವಿರುವುದರಿಂದ ಬೆಳಕು ಚೆನ್ನಾಗಿ ಹರಿಯುವ ಮುಂಚೆ ಅತ್ತ ಹೋಗುವುದನ್ನು ಬಿಟ್ಟಿದ್ದೇನೆ. ಸೈಕಲಿಗೆ ಸದ್ದಿಲ್ಲ ಎಂಬುದು ಬೇರೆಡೆ ಸುಖ, ಅಲ್ಲಿ ಅದೇ ಅಪಾಯ. ಆನೆಗೆ ನಾವು ಬರುವುದು ತಿಳಿಯುವುದಿಲ್ಲ, ತಿರುವಿನಾಚೆ ಆನೆಯಿರುವುದು ನಮಗೂ ತಿಳಿಯುವುದಿಲ್ಲ. ಒಮ್ಮೆ ಕೆಲಸಕ್ಕೆ ಹೊರಟಿದ್ದ ಹೆಂಗಸರು ದಾರಿಯಲ್ಲೇ ಕೈ ಅಡ್ಡ ಹಿಡಿದು, “ಮುಂದೆ ಹೋಗ್ಬೇಡಿ ಸಾರ್, ಲದ್ದಿ ಇನ್ನೂ ಬಿಸಿಯಾಗಿದೆ” ಎಂದರು. ಅಲ್ಲಿಂದಲೇ ತಿರುಗಿ ಬಂದೆ. ಇಂಥ ಕಡೆ ಬಾಗಿ ಕೂರಿಸುವ ರೋಡ್ ಬೈಕಿಗಿಂತ, ತಲೆಯೆತ್ತಿ ದೂರ ನೋಡಗೊಡುವ ಉಳಿದೆರಡು ಮೇಲು.

ಬೆಲೆಯಲ್ಲಿ ಮೌಂಟನ್ ಬೈಕಿಗೂ ಹೈಬ್ರಿಡ್‌ಗೂ ನಾನು ಕೊಟ್ಟದ್ದರಲ್ಲಿ ಎರಡು ಸಾವಿರದ ಅಂತರವಿತ್ತು, ಭಾವನದು ಅವೆರಡನ್ನೂ ಸೇರಿಸಿದಷ್ಟು. ಟಾರು ರಸ್ತೆಯಲ್ಲೇ ಹೆಚ್ಚು ಓಡಾಡುವವರು ಕೊಡಗಿನಲ್ಲಿ ಡಿಸ್ಕ್ ಬ್ರೇಕಿನ ಹೈಬ್ರಿಡ್ ಕೊಂಡು, ಹಿಂದಿನ ಫ್ರೀವೀಲ್ ಬದಲಾಯಿಸಿ, ಮಡ್‌ಗಾರ್ಡ್ ಹಾಕಿಸುವುದು ಸರಿಯೆಂದು ನನ್ನ ತೀರ್ಮಾನ. ಕುಶಾಲನಗರದಂಥ ಮಳೆ ಕಡಿಮೆಯ ಸಮತಟ್ಟಿನಲ್ಲಿರುವವರು, ಮೂವತ್ತರೊಳಗಿನ ಕಾಲುಗಳುಳ್ಳವರು ರೋಡ್ ಬೈಕನ್ನು ಯೋಚಿಸಬಹುದು. ಮೌಂಟನ್ ಬೈಕ್ ಈಗ ಅಣ್ಣನ ಮಗನ ಬಳಿ ಇದೆ. ಅವನು ಅದರಲ್ಲಿ ಟಾರು ರಸ್ತೆಗೆ ಬರುವುದೇ ಅಪರೂಪ. ಕಣದಿಂದ ಕೆರೆಗೆ, ಕೆರೆಯಿಂದ ಗದ್ದೆಗೆ, ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಓಡಿಸುತ್ತಾನೆ. ತುಕ್ಕು ಹಿಡಿದ ಶಾಕ್‌ಗಳು ಅಲ್ಲಿ ಅರ್ಧ ಕೆಲಸ ಮಾಡಿದರೂ ಅವನಿಗೆ ಸಾಕಾಗಿದೆ. ಇಂಬಳ ಹತ್ತುವುದೊಂದೇ ಅವನ ದೂರು.