ಕ್ರಿಟಾ: ಹೊಟ್ಟೆಪಾಡಿನ ಚಿತ್ರಕ್ಕೆ ಉಚಿತ ಸಾಫ್ಟ್‌ವೇರ್ ಸಾಕಾ?

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾದ 4.0 ಆವೃತ್ತಿ ಬಂದದ್ದು 2018ರಲ್ಲಿ. ಹೆಚ್ಚುಕಡಿಮೆ ಆಗಿನಿಂದಲೂ ನನ್ನ ಸಂಪಾದನೆಯ ಚಿತ್ರಗಳೆಲ್ಲ ಇದರಲ್ಲೇ ಆಗುತ್ತಿವೆ. ಮಕ್ಕಳ ಪುಸ್ತಕ, ಕಥಾಸಂಕಲನದ ಮುಖಪುಟ, ಮಾಸಪತ್ರಿಕೆಯ ಒಳಚಿತ್ರ, ನೆಂಟರ ಒತ್ತಾಯಕ್ಕೆ ಮದುವೆ ಕರೆಯೋಲೆ ಕೂಡ. ನಾನು ಈಗ ಬಳಸುತ್ತಿರುವುದು 5.2. ಇಷ್ಟು ವರ್ಷ ಬಳಸಿದ ಮೇಲೆ ಮೊದಲೇ ಹೇಳಿಬಿಡುತ್ತೇನೆ: ಇದು ಅಪ್ಪಟ ಡ್ರಾಯಿಂಗ್ ಬೋರ್ಡು. ಬರೆಯಲು ಕೂತರೆ ಇದರಷ್ಟು ಹಿತವಾದದ್ದು ಕಡಿಮೆ. ಅಕ್ಷರ ಜೋಡಣೆ, ಪುಟವಿನ್ಯಾಸ, ಫೋಟೋ ತಿದ್ದುವುದು ಎಲ್ಲವನ್ನೂ ಇದರ ತಲೆಗೇ ಕಟ್ಟಲು ಹೋದವರು ಮಾತ್ರ ಬೇಜಾರು ಮಾಡಿಕೊಂಡು ವಾಪಸ್ ಬರುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿಟಾ ಹುಟ್ಟಿದ್ದು ಕೆಡಿಇ ಅನ್ನುವ ಮುಕ್ತ ತಂತ್ರಾಂಶ ಬಳಗದಲ್ಲಿ. ನೆದರ್ಲೆಂಡ್ಸ್‌ನ ಕ್ರಿಟಾ ಫೌಂಡೇಶನ್ ಇದರ ಬೆನ್ನಿಗಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಅವರ ಸೈಟಿನಿಂದ ಇಳಿಸಿಕೊಂಡರೆ ಒಂದು ಪೈಸೆ ಇಲ್ಲ. ಸ್ಟೀಮ್ ಅಥವಾ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ತಗೊಂಡರೆ ಒಂದು ಸಲ ಸ್ವಲ್ಪ ದುಡ್ಡು, ಅದು ಅಭಿವೃದ್ಧಿ ಕೆಲಸಕ್ಕೆ ಹೋಗುತ್ತದೆ. ಎರಡೂ ಕಡೆ ಸಿಗುವ ಸಾಫ್ಟ್‌ವೇರ್ ಒಂದೇ. ಫೋಟೋಶಾಪ್ ಮಾಡುವ ಅಡೋಬಿಯವರು 2013ರಲ್ಲಿ ಚಂದಾ ಪದ್ಧತಿಗೆ ತಿರುಗಿದರು. ಪ್ರೊಕ್ರಿಯೇಟ್ ಅನ್ನುವ ಚಿತ್ರ ಬರೆಯುವ ಆ್ಯಪ್‌ಗೆ ಒಂದೇ ಸಲ ದುಡ್ಡು ಕೊಟ್ಟರೆ ಸಾಕು, ಆದರೆ ಅದಕ್ಕೆ ಐಪ್ಯಾಡ್ ಬೇಕೇ ಬೇಕು. ಕನ್ನಡದಲ್ಲಿ ಒಂದು ಮುಖಪುಟಕ್ಕೆ ಎಷ್ಟು ಸಿಗುತ್ತದೆ, ಅದೂ ಯಾವಾಗ ಸಿಗುತ್ತದೆ ಅನ್ನೋದು ಈ ಕೆಲಸದಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಕೆಲಸವಿಲ್ಲದ ತಿಂಗಳಲ್ಲೂ ಕಟ್ಟಬೇಕಾದ ಚಂದಾ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನಾನು ಇತ್ತ ಬಂದೆ. ಇಲ್ಲೇ ಉಳಿದದ್ದು ಬೇರೆ ಕಾರಣಕ್ಕೆ.

ಮೊದಲ ದಿನದ ಒಂದು ತೊಡಕು ಹೇಳಲೇಬೇಕು. ವಿಂಡೋಸ್‌ನಲ್ಲಿ ಪೆನ್ ಟ್ಯಾಬ್ಲೆಟ್ ಸಿಕ್ಕಿಸಿದಾಗ ಕೆಲವೊಮ್ಮೆ ಗೆರೆ ಬರುತ್ತದೆ, ಒತ್ತಡ ಮಾತ್ರ ಗೊತ್ತಾಗುವುದಿಲ್ಲ. ಎಷ್ಟು ಒತ್ತಿದರೂ ಒಂದೇ ದಪ್ಪ. ಆಗ ಟ್ಯಾಬ್ಲೆಟ್ಟನ್ನು ಬೈಯುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಟ್ಯಾಬ್ಲೆಟ್ ಭಾಗದಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಅಂತ ಎರಡು ದಾರಿ ಇವೆ. ಒಂದರಲ್ಲಿದ್ದರೆ ಇನ್ನೊಂದಕ್ಕೆ ಬದಲಿಸಿ, ಕ್ರಿಟಾ ಮುಚ್ಚಿ ತೆರೆಯಿರಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಅದೇ ಜಾಗದಲ್ಲಿ ಒತ್ತಡದ ಗ್ರಾಫ್ ಒಂದಿದೆ. ನನ್ನದು ಭಾರದ ಕೈ, ಪೆನ್ಸಿಲ್ ಮೊನೆ ಮುರಿಯುವ ಜಾತಿ. ಆ ಗೆರೆಯ ನಡುಭಾಗವನ್ನು ಸ್ವಲ್ಪ ಕೆಳಗೆ ಎಳೆದು ಇಟ್ಟುಕೊಂಡ ಮೇಲೆ ತೆಳುಗೆರೆ ನಿಜವಾಗಿ ತೆಳುವಾಗಿ ಬರತೊಡಗಿತು. ಎಲ್ಲ ಬ್ರಷ್‌ಗಳಿಗೂ ಇದು ಒಟ್ಟಿಗೆ ಅನ್ವಯಿಸುತ್ತದೆ. ಹಗುರ ಕೈಯವರು ಮೇಲಕ್ಕೆ ಎಳೆಯಬೇಕು.

ಬ್ರಷ್‌ಗಳ ವಿಷಯಕ್ಕೆ ಬಂದರೆ, ಜೊತೆಗೇ ನೂರಕ್ಕೂ ಹೆಚ್ಚು ಸಿಗುತ್ತವೆ. ನನ್ನ ಕೈ ಹೋಗುವುದು ನಾಲ್ಕೈದಕ್ಕೆ. ಪೆನ್ಸಿಲ್-2ರಲ್ಲಿ ಕಚ್ಚಾ ಚಿತ್ರ, ಇಂಕ್-3 ಜಿಪೆನ್‌ನಲ್ಲಿ ಗೆರೆ, ಆಮೇಲೆ ಒಂದೆರಡು ಒರಟು ಬ್ರಷ್. ಬಲಗಡೆ ಕ್ಲಿಕ್ ಮಾಡಿದರೆ ಕರ್ಸರ್ ಇದ್ದಲ್ಲೇ ಒಂದು ಚಕ್ರ ತೆರೆಯುತ್ತದೆ. ನಡುವೆ ಬಣ್ಣ, ಸುತ್ತ ನಿಮ್ಮ ಇಷ್ಟದ ಬ್ರಷ್‌ಗಳು. ಪರದೆಯ ಮೂಲೆಗೆ ಹೋಗಿ ಬರುವ ಕೆಲಸವೇ ಇಲ್ಲ. ಆದರೆ ನನಗೆ ಇದಕ್ಕಿಂತ ದೊಡ್ಡದು 'ಇ' ಕೀ. ಅದನ್ನು ಒತ್ತಿದರೆ ಕೈಯಲ್ಲಿರುವ ಬ್ರಷ್ಷೇ ರಬ್ಬರ್ ಆಗುತ್ತದೆ. ಅಜ್ಜಿಯ ಸೀರೆಯ ನಿರಿಗೆಯನ್ನು ಇದ್ದಿಲಿನಂಥ ಬ್ರಷ್‌ನಲ್ಲಿ ತುಂಬಿದ್ದೀರಿ ಅಂದುಕೊಳ್ಳಿ. ನಿರಿಗೆಯ ಮೇಲೆ ಬೆಳಕು ಬೀಳುವ ಅಂಚನ್ನು ಅದೇ ಬ್ರಷ್‌ನಿಂದ ಅಳಿಸಿದರೆ ಅಳಿಸಿದ ಜಾಗದಲ್ಲೂ ಅದೇ ತರಿತರಿ ಉಳಿಯುತ್ತದೆ. ಬೇರೆ ಮೆತ್ತಗಿನ ರಬ್ಬರ್‌ನಿಂದ ಅಳಿಸಿದರೆ ಅಲ್ಲಿ ಮಾತ್ರ ನುಣ್ಣಗಾಗಿ, ಇದು ಕಂಪ್ಯೂಟರಿನ ಚಿತ್ರ ಅಂತ ಕೂಗಿ ಹೇಳುತ್ತದೆ. 'ಎಂ' ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ. ಸೊಟ್ಟ ಮೂಗು, ಒಂದು ಕಣ್ಣು ಮೇಲೆ ಒಂದು ಕೆಳಗೆ, ಎಲ್ಲ ಬಯಲಾಗುತ್ತದೆ. ಮುಖ ಬರೆಯುವವರು ಇದಕ್ಕೆ ಹೆದರಬಾರದು.

ಈ ಸಾಫ್ಟ್‌ವೇರನ್ನು ನಾನು ಬಿಡದೆ ಇರಲು ಇನ್ನೊಂದು ಕಾರಣ 'ಡಬ್ಲ್ಯು' ಕೀ. ನಾನಿರುವುದು ಧಾರವಾಡದ ಕಡೆ. ಇಲ್ಲಿ ಕಸೂತಿ ಬೇಕು ಅನ್ನುವ ಕೆಲಸ ಆಗಾಗ ಬರುತ್ತದೆ. ಪುಸ್ತಕದ ಒಳರಕ್ಷಾಪುಟಕ್ಕೆ, ಕರೆಯೋಲೆಯ ಅಂಚಿಗೆ, ಬಟ್ಟೆ ಚೀಲಕ್ಕೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿ, ಮುರಗಿ ಎರಡೂ ಬಟ್ಟೆಯ ಎರಡು ಬದಿಯಲ್ಲೂ ಒಂದೇ ಥರ ಕಾಣುತ್ತವೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಣಿಕೆಯ ಕೆಲಸವಾದ್ದರಿಂದ ಚೌಕದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ನಾನು ಮಾಡುವುದು ಹೀಗೆ. ತೀರಾ ಚಿಕ್ಕ ಕ್ಯಾನ್ವಾಸ್, ಪಿಕ್ಸೆಲ್ ಬ್ರಷ್, ಗ್ರಿಡ್ ಆನ್. 'ಡಬ್ಲ್ಯು' ಒತ್ತಿದ ತಕ್ಷಣ ಆ ಚೌಕ ನಾಲ್ಕೂ ದಿಕ್ಕಿಗೆ ಪರದೆ ತುಂಬ ಮರುಕಳಿಸುತ್ತದೆ. ಒಂದು ತುಳಸಿಕಟ್ಟೆ ಬರೆದರೆ ಸಾಲುಸಾಲು ತುಳಸಿಕಟ್ಟೆ. ಬಲ ಅಂಚು ದಾಟಿದ ಗೆರೆ ಎಡ ಅಂಚಿನಿಂದ ಒಳಗೆ ಬರುತ್ತದೆ. ಎರಡು ಗೋಪುರದ ನಡುವೆ ಖಾಲಿ ಜಾಸ್ತಿ ಆಯಿತಾ, ಕೂಡು ಜಾಗದಲ್ಲಿ ಒಂದು ಚೌಕ ತಪ್ಪಿತಾ ಅನ್ನೋದು ಬರೆಯುವಾಗಲೇ ಕಣ್ಣಿಗೆ ಬೀಳುತ್ತದೆ. ಮುಗಿದ ಮೇಲೆ ದೊಡ್ಡದು ಮಾಡುವಾಗ ಫಿಲ್ಟರ್ ಅನ್ನುವಲ್ಲಿ ನಿಯರೆಸ್ಟ್ ನೇಬರ್ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಚೌಕಗಳ ಅಂಚು ಮಸುಕಾಗಿ ಅಷ್ಟೂ ಕೆಲಸ ಹಾಳು. ಅಂಚಿಲ್ಲದೆ ಮುಂದುವರಿಯುವ ವಿನ್ಯಾಸವನ್ನು ಇಷ್ಟು ಸಲೀಸಾಗಿ ಬೇರೆಲ್ಲೂ ನಾನು ಮಾಡಿಲ್ಲ.

ಈಗ ಇದರ ಕೊರತೆ. ಅಕ್ಷರ. ಕನ್ನಡ ಚಿತ್ರಕಾರರಿಗೆ ಇದು ಸಣ್ಣ ವಿಷಯವಲ್ಲ. 2023ರಲ್ಲಿ 5.2 ಬಂದಾಗ ಅಕ್ಷರ ಮೂಡಿಸುವ ಒಳಗಿನ ವ್ಯವಸ್ಥೆಯನ್ನು ಪೂರ್ತಿ ಹೊಸದಾಗಿ ಬರೆದರು. ಒಳಗೆ ಎಷ್ಟು ಸುಧಾರಿಸಿದರೂ ಈ ಆವೃತ್ತಿಯಲ್ಲಿ ಟೈಪ್ ಮಾಡಬೇಕಾದ್ದು ಬೇರೆ ಕಿಟಕಿಯಲ್ಲೇ. ಅಲ್ಲಿ ಬರೆದು, ಸೇವ್ ಕೊಟ್ಟು, ಚಿತ್ರದ ಮೇಲೆ ಹೇಗೆ ಕೂತಿದೆ ಅಂತ ನೋಡಿ, ಮತ್ತೆ ಒಳಗೆ ಹೋಗಬೇಕು. ಒಂದು ಪುಟ ಕಾಮಿಕ್ಸ್ ಮಾಡುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ನಾನು ಕ್ರಿಟಾದಲ್ಲಿ ಮಾತಿನ ಗುಳ್ಳೆಯನ್ನು ಮಾತ್ರ ಬೇರೆ ಲೇಯರ್‌ನಲ್ಲಿ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದು) ಬರೆದಿಟ್ಟು, ಅಕ್ಷರಗಳನ್ನು ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಫಾಂಟ್‌ನಿಂದ ಹಾಕುತ್ತೇನೆ. ಅದೂ ಉಚಿತವೇ. ಗುಳ್ಳೆಯನ್ನು ಸ್ವಲ್ಪ ಧಾರಾಳವಾಗಿಯೇ ಬರೆಯಬೇಕು. ನಮ್ಮ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಎರಡಕ್ಕೂ ಜಾಗ ಬೇಕಲ್ವಾ? ಇಂಗ್ಲಿಷ್ ಕಾಮಿಕ್ಸ್ ನೋಡಿ ಅಳತೆ ಹಾಕಿದರೆ ಎರಡನೇ ಸಾಲಿಗೇ ಉಸಿರು ಕಟ್ಟುತ್ತದೆ.

ಮುದ್ರಣದ ಕಥೆ ಬೇರೆ. ಕ್ರಿಟಾದಲ್ಲಿ ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಬಣ್ಣದಲ್ಲೇ ಫೈಲ್ ತೆರೆಯಬಹುದು. ಉಚಿತ ಚಿತ್ರ ಸಾಫ್ಟ್‌ವೇರ್‌ಗಳಲ್ಲಿ ಇದು ದೊಡ್ಡ ಸೌಲಭ್ಯವೇ. ಆದರೂ ನಾನು ಆರ್‌ಜಿಬಿಯಲ್ಲೇ, ಅಂದರೆ ಪರದೆಯ ಬಣ್ಣದಲ್ಲೇ ಬರೆಯುತ್ತೇನೆ, ಯಾಕಂದರೆ ಲೇಯರ್‌ಗಳನ್ನು ಬೆರೆಸುವ ಕೆಲವು ವಿಧಾನಗಳು ಸಿಎಂವೈಕೆಯಲ್ಲಿ ಬೇರೆಯೇ ಥರ ಆಡುತ್ತವೆ. ನಡುನಡುವೆ ಕಂಟ್ರೋಲ್-ವೈ ಒತ್ತಿದರೆ ಕಾಗದದ ಮೇಲೆ ಬಣ್ಣ ಹೇಗೆ ಇಳಿಯಬಹುದು ಅನ್ನುವ ಅಂದಾಜು ಕಾಣುತ್ತದೆ. ಜೊತೆಗೆ ಶಿಫ್ಟ್ ಸೇರಿಸಿದರೆ ಶಾಯಿಗೆ ನಿಲುಕದ ಬಣ್ಣ ಎಲ್ಲೆಲ್ಲಿದೆ ಅಂತ ಗುರುತು ಹಾಕಿ ತೋರಿಸುತ್ತದೆ. ಗಿಳಿಹಸಿರು, ಹೊಳೆಯುವ ನೀಲಿ ಮೊದಲು ಸಿಕ್ಕಿಬೀಳುತ್ತವೆ. ಈ ಅಂದಾಜು ನಿಜವಾಗಬೇಕಾದರೆ ಪ್ರೆಸ್‌ನವರ ಬಣ್ಣದ ಪ್ರೊಫೈಲ್, ಅಂದರೆ ಅವರ ಮುದ್ರಣದಲ್ಲಿ ಯಾವ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲ್ ಬೇಕು. ಕೇಳಿದ್ದೇನೆ. "ಅದೆಲ್ಲ ಬೇಡ, ಸುಮ್ನೆ ಪಿಡಿಎಫ್ ಕಳಿಸಿ" ಅನ್ನುವ ಉತ್ತರವೇ ಜಾಸ್ತಿ. ಕ್ರಿಟಾದಿಂದ ನೇರವಾಗಿ ಪಿಡಿಎಫ್ ಆಗುವುದೂ ಇಲ್ಲ. ಕೊನೆಯ ಪ್ರತಿಯನ್ನು ಸಿಎಂವೈಕೆಗೆ ಬದಲಿಸಿ ಟಿಫ್ ಅನ್ನುವ ಬಗೆಯ ಚಿತ್ರದ ಫೈಲ್ ಮಾಡಿ ಡಿಟಿಪಿಯವರಿಗೆ ಕೊಡುತ್ತೇನೆ. ಪುಟಕ್ಕೆ ಕೂರಿಸುವ ಕೆಲಸ ಅವರದು. ಅಲ್ಲಿಗೆ ನನ್ನ ತಲೆನೋವು ಅರ್ಧ ಇಳಿಯುತ್ತದೆ.

ಕಂಪ್ಯೂಟರ್ ಎಂಥದು ಬೇಕು ಅಂತ ಕೇಳುವವರಿಗೆ ಒಂದು ಲೆಕ್ಕ. ಎ4 ಅಳತೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 2480 × 3508 ಪಿಕ್ಸೆಲ್. ಪಿಕ್ಸೆಲ್‌ಗೆ 4 ಬೈಟ್ ಅಂದರೆ ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ. ಎ3 ಆದರೆ ಅದರ ಎರಡು ಪಟ್ಟು. ಬಣ್ಣದ ಸೂಕ್ಷ್ಮತೆಗೆ 16 ಬಿಟ್ ಆರಿಸಿದರೆ ಮತ್ತೆ ಎರಡು ಪಟ್ಟು. ಅನ್‌ಡೂಗೂ ಮೆಮೊರಿ ಬೇಕು. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಎ4 ಚಿತ್ರ ಆರಾಮಾಗಿ ಆಗುತ್ತದೆ. ಎರಡು ಪುಟ ಹರಡುವ ಚಿತ್ರಕ್ಕೆ ನಲವತ್ತು ಲೇಯರ್ ಇಟ್ಟರೆ ದೊಡ್ಡ ಬ್ರಷ್ ಕೈಗಿಂತ ಹಿಂದೆ ಬೀಳುತ್ತದೆ. ಮುಗಿದ ಲೇಯರ್‌ಗಳನ್ನು ಕೂಡಿಸುತ್ತಾ ಹೋಗಿ, ಅಷ್ಟೇ. ಆನಿಮೇಷನ್ ಸೌಲಭ್ಯವೂ ಇದೆ. ನನಗೆ ಅದರ ಕೆಲಸ ಬಂದಿಲ್ಲ.

ಟ್ಯಾಬ್ಲೆಟ್, ಕ್ರೋಮ್‌ಬುಕ್‌ಗಳಿಗೆ ಆಂಡ್ರಾಯ್ಡ್ ಆವೃತ್ತಿ ಇದೆ. ಆದರೆ ಇದರ ಗುಂಡಿ-ಮೆನುಗಳೆಲ್ಲ ಕೀಬೋರ್ಡ್ ಇರುವವರಿಗಾಗಿ ಮಾಡಿದವು. ಬೆರಳಲ್ಲಿ ಒತ್ತಲು ಹೋದರೆ ಪಕ್ಕದ್ದಕ್ಕೆ ಬೀಳುತ್ತದೆ. ಬಸ್ಸಿನಲ್ಲಿ ಕೂತು ಬರೆಯುವವರು ಬೇರೆ ಆ್ಯಪ್ ನೋಡಿಕೊಳ್ಳುವುದೇ ಮೇಲು.

ಹೊಸದನ್ನು ನೋಡುವ, ಕಲಿಯುವ ವಿಷಯಕ್ಕೂ ಕ್ರಿಟಾ ನೆರವಾಗಿದೆ. ರೆಫರೆನ್ಸ್ ಇಮೇಜ್ ಅನ್ನುವ ಸಾಧನದಿಂದ ಆಕರ ಚಿತ್ರಗಳನ್ನು ಕ್ಯಾನ್ವಾಸಿನ ಸುತ್ತಲೇ ಅಂಟಿಸಿಕೊಳ್ಳಬಹುದು. ಫೈಲ್ ಜೊತೆ ಉಳಿಯುತ್ತವೆ, ಕೊನೆಯ ಚಿತ್ರದಲ್ಲಿ ಬರುವುದಿಲ್ಲ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಲ್ಲಿ 3,75,000ಕ್ಕೂ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಅಂತ ತೆರೆದಿಟ್ಟಿತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಕೂಡ ಉದಾರಿ. ಪಿಂಟರೆಸ್ಟ್‌ನಲ್ಲಿ ಅಲೆಯುವುದಕ್ಕಿಂತ ಇದು ಒಳ್ಳೆಯದು. ಚಿತ್ರದ ಕೆಳಗೆ ಕಾಲ, ಊರು, ಯಾವ ಬಣ್ಣ, ಯಾವ ಕಾಗದ ಅಂತ ಬರೆದಿರುತ್ತಾರೆ. ಹಾಗಂತ ಕಂಡದ್ದೆಲ್ಲ ಎತ್ತಿಕೊಳ್ಳುವ ಸರಕಲ್ಲ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನಿಂದ ಅಕ್ಕಿಹಿಟ್ಟಿನ ಗೆರೆ ಎಳೆದು ಬರೆಯುವ ಚಿತ್ತಾರ ಇಂದಿಗೂ ಬದುಕಿರುವ ಕಲೆ. ಅದನ್ನು ಮುಖಪುಟಕ್ಕೆ ಬೇಕು ಅಂದವರಿಗೆ, ಬರೆಯುವವರಿಂದಲೇ ಬರೆಸಿ ದುಡ್ಡು ಕೊಡಿ ಅನ್ನುತ್ತೇನೆ. ಒಂದೆರಡು ಕೆಲಸ ಹೀಗೆ ಕೈಬಿಟ್ಟಿವೆ.

ಫ್ರಾನ್ಸಿನ ಕಲಾವಿದ ಡೇವಿಡ್ ರೆವೊಯ್ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಅರ್ಧ. ಕ್ರಿಟಾಗೆ ಬ್ರಷ್ ಮಾಡಿಕೊಟ್ಟವರಲ್ಲಿ ಆತನೂ ಒಬ್ಬ. ತನ್ನ ಕಾಮಿಕ್ಸ್‌ನ ಮೂಲ ಫೈಲ್‌ಗಳನ್ನು ಲೇಯರ್ ಸಮೇತ ಎಲ್ಲರಿಗೂ ಬಿಟ್ಟಿದ್ದಾನೆ. ದೊಡ್ಡ ಫೈಲ್‌ಗಳು, ಇಳಿಯಲು ಹೊತ್ತು ಹಿಡಿಯುತ್ತದೆ. ತೆರೆದು ಒಂದೊಂದೇ ಲೇಯರ್ ಮುಚ್ಚಿ ತೆರೆದು ನೋಡಿ. ಮುಗಿದ ಪುಟದಲ್ಲಿ ಕಾಣದೇ ಹೋಗುವ ಕೆಲಸದ ಕ್ರಮ ಅಲ್ಲಿ ಬಿಚ್ಚಿಕೊಳ್ಳುತ್ತದೆ. ದುಡ್ಡು ಕೊಟ್ಟು ಸೇರಿದ ಆನ್‌ಲೈನ್ ಕ್ಲಾಸುಗಳಿಗಿಂತ ನನಗೆ ಜಾಸ್ತಿ ಕಲಿಸಿದ್ದು ಈ ಫೈಲ್‌ಗಳೇ.

ಕೊನೆಗೆ ಉಳಿಸಿಡುವ ಬಗ್ಗೆ. ಕಂಟ್ರೋಲ್-ಆಲ್ಟ್-ಎಸ್ ಒತ್ತಿದರೆ ಹಳೆಯದು ಹಾಗೇ ಉಳಿದು, ಮುಂದಿನ ಸಂಖ್ಯೆ ಹಾಕಿಕೊಂಡು ಹೊಸ ಫೈಲ್ ಆಗುತ್ತದೆ. ಪ್ರಕಾಶಕರು ಮೂರನೇ ತಿದ್ದುಪಡಿ ಆದ ಮೇಲೆ "ಮೊದಲಿನದೇ ಚೆನ್ನಾಗಿತ್ತು" ಅನ್ನುತ್ತಾರೆ ನೋಡಿ, ಆ ಹೊತ್ತಿಗೆ ಬೇಕಾಗುತ್ತದೆ. ಕ್ರಿಟಾದ .ಕೆಆರ್‌ಎ ಫೈಲ್ ಅಸಲಿಗೆ ಒಂದು ಜಿಪ್ ಕಟ್ಟು. ಕ್ರಿಟಾ ಇಲ್ಲದ ಕಂಪ್ಯೂಟರಿನಲ್ಲೂ ಅದರ ಬಾಲದ ಹೆಸರನ್ನು .ಜಿಪ್ ಅಂತ ಬದಲಿಸಿ ಬಿಚ್ಚಿದರೆ, ಒಳಗೆ ಪೂರ್ತಿ ಅಳತೆಯ ಪಿಎನ್‌ಜಿ ಚಿತ್ರ ಸಿಗುತ್ತದೆ. ಲೇಯರ್‌ಗಳು ಸಿಗುವುದಿಲ್ಲ, ಆದರೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಈಗಲೇ ಕಳಿಸಿ ಅನ್ನುವವರಿಗೆ ಅಷ್ಟು ಸಾಕು.