ತೋಳಿಗೆ ಕಟ್ಟೋ ಬಿಪಿ ಮೆಷಿನ್: ಮೂರು ವರ್ಷದ ಮೇಲೆ ಬಳಸಿ ಬರೀತಿದೀನಿ

ಪಟ್ಟಿ ಸುತ್ಕೊಂಡು ಬಟನ್ ಒತ್ತಿದ್ರೆ ಸಾಕು, ಆ್ಯಪ್ ಗೀಪ್ ಏನೂ ಇಲ್ಲ, ಅಂಕಿ ದಪ್ಪಗೆ ಬರುತ್ತೆ, ಕನ್ನಡಕ ಇಲ್ದೇನೂ ಓದ್ತೀನಿ. ನನಗೆ ಅರವತ್ತೆಂಟು, ಬಿಪಿ ಮಾತ್ರೆ ತಗೋತಿದೀನಿ.

ತಗೊಳೋರು ಮೊದ್ಲು ಟೇಪ್ ಹಿಡಿದು ತೋಳಿನ ಸುತ್ತಳತೆ ನೋಡ್ಕೊಳಿ. ನನ್ನ ಮೆಷಿನ್ ಜೊತೆ ಬಂದ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ, ನನ್ನ ತೋಳು ಅದಕ್ಕಿಂತ ದಪ್ಪ, ದೊಡ್ಡ ಪಟ್ಟಿ ಬೇರೆ ತರಿಸ್ಕೊಂಡೆ. ಚಿಕ್ಕ ಪಟ್ಟಿ ಬಿಗಿದ್ರೆ ಇರೋದಕ್ಕಿಂತ ಜಾಸ್ತಿ ತೋರ್ಸುತ್ತೆ, ಸುಮ್ನೆ ಗಾಬರಿ. ಮಣಿಕಟ್ಟಿಗೆ ಕಟ್ಟೋದು ಬೇಡ, ಕೈ ಎದೆ ಮಟ್ಟಕ್ಕೆ ಸರಿಯಾಗಿ ಇಲ್ದಿದ್ರೆ ಅಂಕಿ ತಪ್ಪುತ್ತೆ. ಎದೆಬಡಿತ ಏರುಪೇರು ಇರೋರು ಡಾಕ್ಟ್ರನ್ನ ಕೇಳ್ಕೊಂಡೇ ತಗೊಳಿ.

ನನಗೆ ಇದರಿಂದ ಸಿಕ್ಕಿದ್ದು ಧೈರ್ಯ. ಮೊದಲೆಲ್ಲ ತಲೆ ಒಂಚೂರು ಭಾರ ಆದ್ರೂ ಬಿಪಿ ಏರಿರ್ಬೇಕು ಅಂತ ಎದೆ ಡವಡವ, ಮದುವೆ ಮುಂಜಿಗೆ ಒಬ್ಳೇ ಹೋಗೋದನ್ನೇ ಬಿಟ್ಟಿದ್ದೆ, ಸೊಸೇನೂ "ಬೇಡ ಅತ್ತೆ, ದಾರೀಲಿ ಏನಾದ್ರೂ ಆದ್ರೆ" ಅಂತಿದ್ಲು. ಆಸ್ಪತ್ರೇಲಿ ನೋಡಿದಾಗೆಲ್ಲ ಮೇಲಿನ ಅಂಕಿ 160ರ ಹತ್ರ, ಮನೇಲಿ ನೆಮ್ಮದಿಯಾಗಿ ಕೂತು ನೋಡಿದ್ರೆ 130ರ ಆಸುಪಾಸು! ಬಿಳಿ ಕೋಟು ಕಂಡ್ರೆ ಏರೋದು ಎಷ್ಟೋ ಜನಕ್ಕೆ ಇದೆ, ಹಂಗಾಗೇ ಆಸ್ಪತ್ರೆ ಲೆಕ್ಕಕ್ಕೆ 140/90 ಗಡಿ ಅಂದ್ರೆ ಮನೆ ಲೆಕ್ಕಕ್ಕೆ 135/85. ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ನೋಟ್‌ಬುಕ್ಕಲ್ಲಿ ಬರ್ಕೊಂಡು ಹೋದೆ, ಎದ್ದು ನಿಂತಾಗ ತಲೆ ಸುತ್ತುತ್ತಲ್ಲ, ಆವಾಗಿಂದೂ ಬೇರೆ ಬರ್ದಿದ್ದೆ. ಡಾಕ್ಟ್ರು ಪುಟ ತಿರುಗಿಸಿ ನೋಡಿ ಮಾತ್ರೆ ಏರಿಸ್ಲಿಲ್ಲ, ತಗೊಳೋ ಹೊತ್ತು ಬದಲಾಯಿಸಿದ್ರು. ಅಷ್ಟು ದಿನ ನನ್ನ ಬದಲು ಮಗನೇ ಮಾತಾಡ್ತಿದ್ದ, ಈಗ ನನ್ನ ಪ್ರಶ್ನೆ ನಾನೇ ಕೇಳ್ತೀನಿ. ಮೊನ್ನೆ ದಾವಣಗೆರೆಗೆ ಮಗಳ ಮನೆಗೆ ಬಸ್ಸಲ್ಲಿ ಒಬ್ಳೇ ಹೋಗ್ಬಂದೆ. ಉಪ್ಪಿನಕಾಯಿ ಹಪ್ಪಳ ಕಮ್ಮಿ ಮಾಡಿದ್ದೂ ಯಾರೋ ಬೈದ್ರು ಅಂತಲ್ಲ, ಜಾಸ್ತಿ ತಿಂದ ವಾರದ ಅಂಕಿ ಕಣ್ಣಾರೆ ನೋಡಿ.

ನೋಡೋಕೆ ಅರ್ಧ ಗಂಟೆ ಮುಂಚೆ ಕಾಫಿ ಬೇಡ, ಬಚ್ಚಲಿಗೆ ಹೋಗ್ಬಂದು ಬೆನ್ನು ಒರಗಿಸಿ ಪಾದ ನೆಲಕ್ಕೂರಿ ಐದು ನಿಮಿಷ ಕೂತ್ಕೊಳಿ, ಪಟ್ಟಿ ಊದುವಾಗ ಮಾತಾಡ್ಬೇಡಿ. ಗಳಿಗೆಗೊಂದು ಸಲ ನೋಡ್ಬೇಡಿ, ಆ ಚಿಂತೆಗೇ ಏರುತ್ತೆ. ಚೆನ್ನಾಗಿದೀನಿ ಅನ್ಸಿದ್ರೂ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. 180/120 ದಾಟಿ ಎದೆನೋವೋ ಮಾತು ತೊದಲೋದೋ ಕೈಕಾಲು ಸೋಲೋದೋ ಇದ್ರೆ ಮತ್ತೆ ಮತ್ತೆ ಅಳೀತಾ ಕೂರ್ಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.